ಕರುಣೆಗೂ ಅಳತೆ ಬೇಕು: ಮುದಿ ಬೆಕ್ಕಿನ ಮಧುಮೇಹ ಮತ್ತು ನಮ್ಮ ಹೊಣೆ

ಮುಸ್ಲಿಮ್ ಮನೆಗಳಲ್ಲಿ ಬೆಕ್ಕಿಗೆ ಮೊದಲಿನಿಂದಲೂ ಒಂದು ಸಲಿಗೆಯಿದೆ. ಅದು ನಮಾಝಿನ ಚಾಪೆಯ ಅಂಚಿನಲ್ಲಿ ಮಲಗುತ್ತದೆ, ಮೀನು ಕೊಯ್ಯುವ ದಿನ ಮನೆಯೊಡತಿಯ ಕಾಲು ಸುತ್ತುತ್ತದೆ, ಊಟದ ಸುಪ್ರದ ಬಳಿ ತನ್ನ ಪಾಲಿಗಾಗಿ ಕಾಯುತ್ತದೆ. ಈ ಸಲಿಗೆಗೆ ಆಧಾರವೂ ಇದೆ. ಸಹಾಬಿ ಅಬೂ ಕತಾದ(ರ)ರು ವುಝೂವಿಗೆಂದು ಇಟ್ಟಿದ್ದ ನೀರಿನ ಪಾತ್ರೆಯನ್ನು ಬಾಯಾರಿದ ಬೆಕ್ಕಿಗಾಗಿ ಬಾಗಿಸಿ ಹಿಡಿದರೆಂದೂ, ಬೆಕ್ಕು ಅಶುದ್ಧವಲ್ಲ, ಅದು ಮನೆಯವರ ನಡುವೆ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ)ರು ಕಲಿಸಿದ್ದನ್ನು ನೆನಪಿಸಿದರೆಂದೂ ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ಅಬೂ ಹುರೈರ(ರ)ರ ಹೆಸರಿನಲ್ಲೇ ಬೆಕ್ಕಿನ ಮರಿ ಇದೆ.

ಸಲಿಗೆ ಇದ್ದಲ್ಲಿ ಹೊಣೆಯೂ ಇರುತ್ತದೆ. ಬೆಕ್ಕನ್ನು ಕೂಡಿಹಾಕಿ, ತಾನೂ ಆಹಾರ ಕೊಡದೆ, ಹೊರಗೆ ಹೋಗಿ ಹುಳಹುಪ್ಪಟೆ ಹಿಡಿದು ತಿನ್ನಲೂ ಬಿಡದೆ ಸಾಯಗೊಟ್ಟ ಮಹಿಳೆ ಶಿಕ್ಷೆಗೆ ಗುರಿಯಾದುದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳು ವರದಿ ಮಾಡಿವೆ. ನಾವು ಆ ಹದೀಸನ್ನು ಕೇಳಿದಾಗಲೆಲ್ಲ ಅದು ಯಾರೋ ಕಲ್ಲುಹೃದಯದವಳ ಕಥೆ ಎಂದುಕೊಂಡು ನಿಶ್ಚಿಂತರಾಗುತ್ತೇವೆ. ಆದರೆ ಅದರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇವೆ: ಬೆಕ್ಕಿನ ಸ್ವಾತಂತ್ರ್ಯವನ್ನು ಕಿತ್ತುಕೊಂಡದ್ದು ಮತ್ತು ಅದರ ಆಹಾರದ ಹೊಣೆಯನ್ನು ನಿರ್ವಹಿಸದಿದ್ದದ್ದು. ಇಂದು ನಗರದ ಫ್ಲಾಟ್‌ಗಳಲ್ಲಿ ಬೆಳೆಯುವ ಬೆಕ್ಕಿಗೆ ಇಲಿ ಹಿಡಿಯುವ ಅಂಗಳವಿಲ್ಲ, ಏರುವ ಮರವಿಲ್ಲ. ಅದರ ತಟ್ಟೆಗೆ ಏನು ಬೀಳುತ್ತದೆ, ಎಷ್ಟು ಬೀಳುತ್ತದೆ ಎಂಬುದನ್ನು ನಿರ್ಧರಿಸುವವರು ಸಂಪೂರ್ಣವಾಗಿ ನಾವೇ. ಹಸಿವಿನಿಂದ ಸಾಯಿಸುವವರು ನಮ್ಮಲ್ಲಿ ವಿರಳ. ಪ್ರೀತಿಯ ಹೆಸರಿನಲ್ಲಿ ಅಳತೆಯಿಲ್ಲದೆ ಉಣಿಸಿ ರೋಗಕ್ಕೆ ದೂಡುವವರು ವಿರಳವಲ್ಲ. ಆ ರೋಗಗಳಲ್ಲಿ ಪ್ರಮುಖವಾದದ್ದು ಮಧುಮೇಹ. ಕರುಣೆಯು ಒಂದು ಭಾವನೆಯಾಗಿ ಉಳಿದರೆ ಸಾಲದು, ಅದು ತಿಳುವಳಿಕೆಯಾಗಿ, ಅಳತೆಯಾಗಿ, ಹೊತ್ತುಹೊತ್ತಿನ ಕರ್ತವ್ಯವಾಗಿ ಬದಲಾಗಬೇಕು ಎಂಬುದನ್ನು ಈ ಒಂದು ರೋಗದಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಲಾರದು.

ವಯಸ್ಸಾಯಿತು ಎಂಬ ನೆಪ

ಹತ್ತು ವರ್ಷ ದಾಟಿದ ಬೆಕ್ಕು ಹಿರಿಯ ಬೆಕ್ಕು. ಅದು ಹೆಚ್ಚು ನೀರು ಕುಡಿಯಲಾರಂಭಿಸಿದರೆ ಸೆಕೆ ಎನ್ನುತ್ತೇವೆ. ಮರಳಿನ ತಟ್ಟೆ ಪದೇ ಪದೇ ಒದ್ದೆಯಾದರೆ ವಯಸ್ಸಾಯಿತು ಎನ್ನುತ್ತೇವೆ. ಚೆನ್ನಾಗಿ ತಿನ್ನುತ್ತಲೇ ಸೊರಗತೊಡಗಿದರೆ ಹುಳದ ಮದ್ದು ಕೊಡುತ್ತೇವೆ. ವಾಸ್ತವದಲ್ಲಿ ಅತಿಯಾದ ಬಾಯಾರಿಕೆ, ಅತಿಯಾದ ಮೂತ್ರ, ಹಸಿವಿದ್ದೂ ತೂಕ ಇಳಿಯುವುದು ಈ ಮೂರೂ ಒಟ್ಟಿಗೆ ಕಾಣಿಸಿಕೊಂಡರೆ ಮೊದಲು ಸಂದೇಹಿಸಬೇಕಾದದ್ದು ಮಧುಮೇಹವನ್ನು. ಕೆಲವು ಬೆಕ್ಕುಗಳಲ್ಲಿ ನರಗಳಿಗೆ ಹಾನಿಯಾಗಿ, ಹಿಂಗಾಲಿನ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿ ನಡೆಯುವ ವಿಚಿತ್ರ ನಡಿಗೆ ಬರುತ್ತದೆ. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿರುವುದರಿಂದ ಕೂದಲು ಮಂಕಾಗಿ ಗಂಟುಕಟ್ಟುತ್ತದೆ.

ಬೆಕ್ಕಿನ ಮಧುಮೇಹವು ಬಹುತೇಕ ಮನುಷ್ಯರಲ್ಲಿ ಕಾಣುವ ಎರಡನೇ ಬಗೆಯ ಮಧುಮೇಹವನ್ನು ಹೋಲುತ್ತದೆ. ಮೇದೋಜೀರಕ ಗ್ರಂಥಿಯು ಇನ್ಸುಲಿನ್ ತಯಾರಿಸುತ್ತಿದ್ದರೂ ದೇಹವು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಕಾಲಕ್ರಮೇಣ ಗ್ರಂಥಿಯೂ ದಣಿಯುತ್ತದೆ. ಬೊಜ್ಜು, ಚಟುವಟಿಕೆಯಿಲ್ಲದ ಒಳಾಂಗಣ ಬದುಕು, ಇಳಿವಯಸ್ಸು ಮತ್ತು ಅಲರ್ಜಿ, ಅಸ್ತಮಾಗಳಿಗೆಂದು ದೀರ್ಘಕಾಲ ಕೊಡುವ ಸ್ಟೆರಾಯ್ಡ್ ಇದಕ್ಕೆ ದಾರಿ ಮಾಡುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ಈ ಪಟ್ಟಿಯಲ್ಲಿ ವಯಸ್ಸನ್ನು ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವು ನಮ್ಮ ಕೈಯೊಳಗಿನ ವಿಷಯಗಳು.

ರೋಗ ನಿರ್ಣಯದಲ್ಲೂ ಅವಸರ ಸಲ್ಲದು. ಬೆಕ್ಕು ಅಂಜುಬುರುಕ ಪ್ರಾಣಿ. ಬುಟ್ಟಿಯಲ್ಲಿ ಕೂಡಿಸಿ, ಆಟೋದಲ್ಲಿ ಒಯ್ದು, ನಾಯಿಗಳು ಬೊಗಳುವ ಆಸ್ಪತ್ರೆಯಲ್ಲಿ ರಕ್ತ ತೆಗೆದರೆ ಆ ಭಯದಿಂದಲೇ ಅದರ ರಕ್ತದ ಸಕ್ಕರೆ ಏರಿಬಿಡುತ್ತದೆ. ಆದ್ದರಿಂದ ಒಂದು ಸಲದ ಅಂಕಿಯನ್ನು ನೋಡಿ ತೀರ್ಮಾನಿಸುವಂತಿಲ್ಲ. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಬೇಕು. ಹಿಂದಿನ ಒಂದೆರಡು ವಾರಗಳ ಸರಾಸರಿ ಸ್ಥಿತಿಯನ್ನು ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆ ಸಾಧ್ಯವಾದರೆ ಮಾಡಿಸಬೇಕು. ಹಿರಿಯ ಬೆಕ್ಕಿಗೆ ಮೂತ್ರಪಿಂಡ, ಥೈರಾಯ್ಡ್ ಮತ್ತು ಹಲ್ಲುಗಳ ಪರೀಕ್ಷೆಯೂ ಜೊತೆಯಲ್ಲೇ ಆಗಬೇಕು. ಏಕೆಂದರೆ ಮೂತ್ರಪಿಂಡ ಅಥವಾ ಥೈರಾಯ್ಡ್ ತೊಂದರೆಯಿದ್ದರೂ ಬೆಕ್ಕು ಹೆಚ್ಚು ನೀರು ಕುಡಿದು ಸೊರಗುತ್ತದೆ. ಕೊಳೆತ ಹಲ್ಲಿನ ಅಥವಾ ಮೂತ್ರನಾಳದ ಸೋಂಕೊಂದು ಇದ್ದರೆ ಎಷ್ಟು ಇನ್ಸುಲಿನ್ ಕೊಟ್ಟರೂ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ತಟ್ಟೆಯಲ್ಲಿ ಏನಿರಬೇಕು?

ಬೆಕ್ಕು ಮೂಲತಃ ಮಾಂಸಾಹಾರಿ. ಅದರ ದೇಹವನ್ನು ಸೃಷ್ಟಿಕರ್ತನು ಪ್ರೋಟೀನ್ ಮತ್ತು ಕೊಬ್ಬಿನಿಂದ ಶಕ್ತಿ ಪಡೆಯುವಂತೆ ರೂಪಿಸಿದ್ದಾನೆ. ಪಿಷ್ಟವನ್ನು ಒಡೆಯುವ ಕಿಣ್ವ ಅದರ ಜೊಲ್ಲಿನಲ್ಲಿಲ್ಲ. ಊಟದ ನಂತರ ನುಗ್ಗುವ ಸಕ್ಕರೆಯನ್ನು ತ್ವರಿತವಾಗಿ ನಿಭಾಯಿಸುವ ಸಾಮರ್ಥ್ಯವೂ ಅದರ ಯಕೃತ್ತಿಗೆ ಕಡಿಮೆ. ಇಂತಹ ಜೀವಿಗೆ ನಾವು ಅನ್ನ, ಬ್ರೆಡ್ಡು, ಹಾಲಿನಲ್ಲಿ ನೆನೆಸಿದ ಬಿಸ್ಕತ್ತು ಕೊಡುತ್ತೇವೆ. ಅಂಗಡಿಯಲ್ಲಿ ಸಿಗುವ ಒಣ ಆಹಾರದ ಕಾಳುಗಳೂ ಆಕಾರ ಹಿಡಿದು ನಿಲ್ಲಬೇಕಾದರೆ ಪಿಷ್ಟ ಬೇಕಾಗುತ್ತದೆ. ಆದ್ದರಿಂದ ಅವುಗಳಲ್ಲಿ ಕಾರ್ಬೋಹೈಡ್ರೇಟ್ ಪ್ರಮಾಣ ಸಾಮಾನ್ಯವಾಗಿ ಹೆಚ್ಚು. ಡಬ್ಬಿ ಅಥವಾ ಪೊಟ್ಟಣಗಳಲ್ಲಿ ಬರುವ ಹಸಿ ಆಹಾರದಲ್ಲಿ ಅದು ಸಾಮಾನ್ಯವಾಗಿ ಕಡಿಮೆ, ನೀರಿನ ಅಂಶ ಹೆಚ್ಚು. ಮಧುಮೇಹವಿರುವ ಬೆಕ್ಕಿನ ಆಹಾರದ ಒಟ್ಟು ಶಕ್ತಿಯಲ್ಲಿ ಕಾರ್ಬೋಹೈಡ್ರೇಟಿನ ಪಾಲು ಶೇಕಡಾ 12ಕ್ಕಿಂತ ಕಡಿಮೆ ಇರುವುದು ಒಳ್ಳೆಯದೆಂಬುದು ಪಶುವೈದ್ಯರು ಸಾಮಾನ್ಯವಾಗಿ ಅನುಸರಿಸುವ ಸೂತ್ರ. ಹಸಿ ಆಹಾರದಲ್ಲೂ ಗ್ರೇವಿಯಿರುವ ಬಗೆಗಳಲ್ಲಿ ಪಿಷ್ಟ ಸೇರಿರಬಹುದಾದ್ದರಿಂದ ಪೊಟ್ಟಣದ ಹಿಂಬದಿಯನ್ನು ಓದಬೇಕು.

ಹಾಗಾದರೆ ಮೀನು ಕೊಟ್ಟರಾಯಿತಲ್ಲವೇ ಎಂದು ಕರಾವಳಿಯ ಓದುಗರು ಕೇಳಬಹುದು. ಬಂಗುಡೆ, ಬೂತಾಯಿಗಳ ತಲೆ, ಕರುಳುಗಳೇ ನಮ್ಮ ಕಡೆಯ ಬೆಕ್ಕುಗಳ ಪರಂಪರಾಗತ ಆಹಾರ. ಆದರೆ ಹಲವು ಮೀನುಗಳಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ನಾಶಪಡಿಸುವ ಕಿಣ್ವವಿದೆ. ಹಸಿ ಮೀನನ್ನೇ ಸತತವಾಗಿ ತಿಂದ ಬೆಕ್ಕಿಗೆ ನರಗಳ ತೊಂದರೆ ಬರಬಲ್ಲುದು. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಎಣ್ಣೆಯಂಶ ಹೆಚ್ಚಿರುವ ಮೀನೊಂದೇ ಆಹಾರವಾದರೆ ಇ ಜೀವಸತ್ವದ ಕೊರತೆಯಿಂದ ದೇಹದ ಕೊಬ್ಬಿನಲ್ಲಿ ಉರಿಯೂತವಾಗುತ್ತದೆ. ಹಾಗೆಯೇ ಬರೀ ಕೋಳಿ ಮಾಂಸವನ್ನು ಬೇಯಿಸಿ ಕೊಡುವುದೂ ಪರಿಪೂರ್ಣ ಆಹಾರವಲ್ಲ. ಅದರಲ್ಲಿ ಸುಣ್ಣದ ಅಂಶ ಸಾಲದು, ಬೇಯಿಸಿದ ನೀರನ್ನು ಚೆಲ್ಲಿದರೆ ಟಾರಿನ್ ಎಂಬ ಅತ್ಯಗತ್ಯ ಪೋಷಕಾಂಶವೂ ಅದರ ಜೊತೆ ಹೋಗುತ್ತದೆ. ಟಾರಿನ್ ಕೊರತೆಯು ಬೆಕ್ಕಿನ ಹೃದಯವನ್ನು ದುರ್ಬಲಗೊಳಿಸುತ್ತದೆಂಬುದು 1987ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಬೆಳಕಿಗೆ ಬಂತು. ಮನೆಯಡುಗೆಯನ್ನೇ ಕೊಡುವುದಾದರೆ ಏನನ್ನು ಎಷ್ಟು ಸೇರಿಸಬೇಕೆಂದು ಪಶುವೈದ್ಯರಿಂದ ಬರೆಸಿಕೊಳ್ಳುವುದೇ ಸರಿ. ಬಿರಿಯಾನಿಯ ಅಥವಾ ಸಾರಿನ ತುಂಡುಗಳಂತೂ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಬೊಜ್ಜು ಇಳಿಸಬೇಕು, ಆದರೆ ಉಪವಾಸ ಕೆಡವಬಾರದು. ಉಪವಾಸವು ನಮಗೆ ಆರಾಧನೆ. ಬೆಕ್ಕಿಗೆ ಅದು ಪ್ರಾಣಾಪಾಯ. ದಪ್ಪ ಬೆಕ್ಕು ಎರಡು ಮೂರು ದಿನ ಅನ್ನಾಹಾರ ಬಿಟ್ಟರೆ ದೇಹದ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ, ಆ ಅಂಗವೇ ಕೆಲಸ ನಿಲ್ಲಿಸುವ ಸ್ಥಿತಿ ಬರುತ್ತದೆ. ವಾರಕ್ಕೆ ದೇಹತೂಕದ ಶೇಕಡಾ 1ರ ಆಸುಪಾಸು ಇಳಿದರೆ ಸಾಕು. 6 ಕಿಲೋ ತೂಗುವ ಬೆಕ್ಕಿಗೆ ಇದು ವಾರಕ್ಕೆ 60 ಗ್ರಾಮ್ ಆಯಿತು. ಇದನ್ನು ಕಣ್ಣಂದಾಜಿನಲ್ಲಿ ಅಳೆಯಲಾಗದು, ತಕ್ಕಡಿ ಬೇಕು. ಈಗಾಗಲೇ ಸೊರಗಿರುವ ಮುದಿ ಬೆಕ್ಕಿಗಾದರೋ ತೂಕ ಇಳಿಸುವ ಮಾತೇ ಇಲ್ಲ. ಅದರ ಸ್ನಾಯುಗಳನ್ನು ಉಳಿಸಿಕೊಳ್ಳಲು ಸಾಕಷ್ಟು ಪ್ರೋಟೀನ್ ಬೇಕು. ಮೂತ್ರಪಿಂಡದ ಕಾಯಿಲೆಯೂ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಆಗ ಎರಡು ರೋಗಗಳ ನಡುವೆ ಮಧ್ಯಮ ಮಾರ್ಗವನ್ನು ವೈದ್ಯರೇ ಸೂಚಿಸಬೇಕು.

ಆಹಾರ ಮತ್ತು ಇನ್ಸುಲಿನ್: ಒಂದೇ ತಕ್ಕಡಿಯ ಎರಡು ತಟ್ಟೆಗಳು

ಹೆಚ್ಚಿನ ಬೆಕ್ಕುಗಳಿಗೆ ಇನ್ಸುಲಿನ್ ಬೇಕಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ದೇಶಗಳಲ್ಲಿ ಬೆಕ್ಕುಗಳಿಗೆಂದೇ ಬಾಯಿಯ ಮೂಲಕ ಕೊಡುವ ಔಷಧಿಗಳಿಗೆ ಮಂಜೂರಾತಿ ಸಿಕ್ಕಿದೆ. ಆದರೂ ಅವು ಎಲ್ಲ ಬೆಕ್ಕುಗಳಿಗೂ ಸಲ್ಲುವಂಥವಲ್ಲ. ದಿನಕ್ಕೆ ಎರಡು ಬಾರಿ, 12 ಗಂಟೆಗಳ ಅಂತರದಲ್ಲಿ, ಚರ್ಮವನ್ನು ಮೆಲ್ಲನೆ ಎತ್ತಿ ಅದರಡಿಗೆ ಕೊಡುವ ಚುಚ್ಚುಮದ್ದು ಸಾಮಾನ್ಯ ಕ್ರಮ. ಸೂಜಿ ಅತಿ ಸಣ್ಣದು. ಬಹಳಷ್ಟು ಬೆಕ್ಕುಗಳು ಊಟದ ನಡುವೆ ಅದನ್ನು ಗಮನಿಸುವುದೂ ಇಲ್ಲ. ಆರಂಭದಲ್ಲಿ ವೈದ್ಯರು ಸಾಮಾನ್ಯವಾಗಿ ಸೂಚಿಸುವ ಪ್ರಮಾಣ ಒಂದು ಸಲಕ್ಕೆ 1 ಯೂನಿಟ್‌ನ ಆಸುಪಾಸಿನದು. ಅದನ್ನು ಹೆಚ್ಚಿಸುವುದೂ ಇಳಿಸುವುದೂ ಅರ್ಧರ್ಧ ಯೂನಿಟ್‌ಗಳ ಲೆಕ್ಕದಲ್ಲಿ. ಇಷ್ಟು ಸಣ್ಣ ಪ್ರಮಾಣದಲ್ಲಿ ಒಂದು ಗೆರೆಯ ತಪ್ಪೂ ದೊಡ್ಡ ತಪ್ಪೇ.

ನಮ್ಮ ದೇಶದಲ್ಲಿ ಈ ತಪ್ಪಿಗೆ ವಿಶೇಷ ಅವಕಾಶವಿದೆ. ಇಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಸಿರಿಂಜ್‌ಗಳೂ ಅದಕ್ಕೆ ತಕ್ಕಂತೆ ಎರಡು ಬಗೆ. 40ರದ್ದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 1ರ ಗೆರೆಯವರೆಗೆ ಎಳೆದರೆ ಬೆಕ್ಕಿನ ದೇಹಕ್ಕೆ ಹೋಗುವುದು ಎರಡೂವರೆ ಯೂನಿಟ್. ನಾಲ್ಕೈದು ಕಿಲೋದ ಜೀವಕ್ಕೆ ಅದು ಸಾವಿನ ಅಳತೆಯಾಗಬಹುದು. ಬಾಟಲಿಯ ಮೇಲಿನ ಸಂಖ್ಯೆಯನ್ನೂ ಸಿರಿಂಜ್‌ನ ಮೇಲಿನ ಸಂಖ್ಯೆಯನ್ನೂ ಪ್ರತಿ ಸಲ ಓದಿ ಹೊಂದಿಸುವುದು ಕಡ್ಡಾಯ. ಮನೆಯ ಅಜ್ಜಿ ಅಥವಾ ಅಜ್ಜನ ಇನ್ಸುಲಿನನ್ನೇ ಸ್ವಲ್ಪ ಬೆಕ್ಕಿಗೂ ಕೊಟ್ಟರಾಗದೇ ಎಂದು ಯೋಚಿಸುವವರಿದ್ದಾರೆ. ಮನುಷ್ಯರ ಮಿಶ್ರ ಇನ್ಸುಲಿನ್ ಬೆಕ್ಕಿನಲ್ಲಿ ಬೇರೆ ರೀತಿಯಲ್ಲಿ, ಬೇರೆ ಅವಧಿಗೆ ಕೆಲಸ ಮಾಡುತ್ತದೆ. ವೈದ್ಯರು ಹೆಸರಿಸಿದ್ದನ್ನು ಬಿಟ್ಟು ಬೇರೆಯದನ್ನು ಕೊಡಕೂಡದು. ಚಿಕಿತ್ಸೆಯ ಜ್ಞಾನವಿಲ್ಲದೆ ಚಿಕಿತ್ಸೆ ನೀಡಿದವನು ಅದರ ಹಾನಿಗೆ ಹೊಣೆಗಾರ ಎಂಬ ಪ್ರವಾದಿ(ಸ)ರ ಶಿಕ್ಷಣ ಮನುಷ್ಯರ ವೈದ್ಯಕೀಯದ ಕುರಿತಾದುದು. ಬಾಯಿಲ್ಲದ ಜೀವಿಯ ವಿಷಯದಲ್ಲಿ ಆ ಎಚ್ಚರ ಇನ್ನಷ್ಟು ಬೇಕಲ್ಲವೇ?

ಆಹಾರ ಮತ್ತು ಇನ್ಸುಲಿನ್‌ಗಳನ್ನು ಬೇರೆ ಬೇರೆಯಾಗಿ ನೋಡುವುದು ಅತ್ಯಂತ ಅಪಾಯಕಾರಿ. ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ತಟ್ಟೆಯಿಂದ ಒಂದು ದಿನ ಏಕಾಏಕಿ ಒಣ ಆಹಾರವನ್ನು ತೆಗೆದು ಮಾಂಸದ ಆಹಾರವನ್ನು ಇಟ್ಟರೆ ರಕ್ತಕ್ಕೆ ಬರುವ ಸಕ್ಕರೆ ಇಳಿಯುತ್ತದೆ. ಹಿಂದಿನಷ್ಟೇ ಇನ್ಸುಲಿನ್ ಮುಂದುವರಿದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಒಳ್ಳೆಯದನ್ನೇ ಮಾಡಲು ಹೊರಟು ಕೆಡುಕಾಗುವುದು ಹೀಗೆ. ಆದ್ದರಿಂದ ಆಹಾರದ ಬದಲಾವಣೆಯನ್ನು ಮೊದಲೇ ವೈದ್ಯರಿಗೆ ತಿಳಿಸಿ, ನಿಧಾನವಾಗಿ, ಸಕ್ಕರೆಯನ್ನು ಅಳೆಯುತ್ತ ಮಾಡಬೇಕು. ಸರಿಯಾದ ಆಹಾರ ಮತ್ತು ಇನ್ಸುಲಿನ್ ರೋಗದ ಆರಂಭದಲ್ಲೇ ಸಿಕ್ಕಿದ ಕೆಲವು ಬೆಕ್ಕುಗಳಿಗೆ ಕಾಲಾನಂತರ ಇನ್ಸುಲಿನ್ ಬೇಕಾಗುವುದೇ ಇಲ್ಲ. ಇದು ಸಂತೋಷದ ಸಂಗತಿ. ಆದರೆ ಅಳೆಯದೆ ಚುಚ್ಚುತ್ತಲೇ ಹೋಗುವವರ ಮನೆಯಲ್ಲಿ ಈ ಚೇತರಿಕೆಯೇ ಅಪಾಯವಾಗಿ ಪರಿಣಮಿಸುತ್ತದೆ. ಅಗತ್ಯ ತೀರಿದ ಮೇಲೂ ಮದ್ದು ಒಳಹೋಗುತ್ತಿರುತ್ತದೆ.

ಸಕ್ಕರೆ ತೀರಾ ಇಳಿದಾಗ ಬೆಕ್ಕು ಮಂಕಾಗುತ್ತದೆ, ತೂರಾಡುತ್ತದೆ, ನಡುಗುತ್ತದೆ, ಕೊನೆಗೆ ಸೆಳವು ಬರುತ್ತದೆ. ಆಗ ಕಾಯುವಂತಿಲ್ಲ. ತಿನ್ನುವ ಸ್ಥಿತಿಯಲ್ಲಿದ್ದರೆ ಆಹಾರ ಕೊಡಬೇಕು. ಇಲ್ಲವಾದರೆ ಜೇನು ಅಥವಾ ಗ್ಲೂಕೋಸ್ ನೀರನ್ನು ಬೆರಳಿನಿಂದ ಒಸಡಿಗೆ ಸವರುತ್ತ ತಕ್ಷಣ ವೈದ್ಯರ ಬಳಿಗೆ ಒಯ್ಯಬೇಕು. ಪ್ರಜ್ಞೆ ತಪ್ಪಿರುವ ಬೆಕ್ಕಿನ ಬಾಯಿಗೆ ಏನನ್ನೂ ಹೊಯ್ಯಬಾರದು, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಬೆಕ್ಕು ತಿನ್ನದಿದ್ದರೆ ಅಥವಾ ವಾಂತಿ ಮಾಡಿದರೆ ಎಂದಿನ ಪೂರ್ಣ ಪ್ರಮಾಣವನ್ನು ಚುಚ್ಚದೆ ವೈದ್ಯರನ್ನು ಕೇಳಬೇಕು. ಒಂದು ಹೊತ್ತಿನ ಮದ್ದು ತಪ್ಪಿತೆಂದು ಮುಂದಿನ ಹೊತ್ತು ಎರಡರಷ್ಟು ಕೊಡಬಾರದು. ಮನೆಯಲ್ಲಿ ಬೇರೆ ಯಾರಾದರೂ ಆಗಲೇ ಕೊಟ್ಟಿರಬಹುದೇ ಎಂಬ ಸಂದೇಹ ಬಂದರೆ ಮತ್ತೆ ಕೊಡದಿರುವುದೇ ಕ್ಷೇಮ. ಒಂದು ಹೊತ್ತು ಸಕ್ಕರೆ ಏರಿದರೆ ಬೆಕ್ಕು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ತೀರಾ ಇಳಿದರೆ ತಾಳಲಾರದು. ಅದೇ ವೇಳೆ ದಿನಗಟ್ಟಲೆ ಇನ್ಸುಲಿನ್ ನಿಲ್ಲಿಸುವುದೂ ಮಾರಕ. ರಕ್ತದಲ್ಲಿ ಕೀಟೋನ್‌ಗಳು ತುಂಬಿ, ವಾಂತಿ, ನಿತ್ರಾಣ ಕಾಣಿಸಿಕೊಂಡರೆ ಅದು ತುರ್ತು ಚಿಕಿತ್ಸೆಯ ಸ್ಥಿತಿ.

ಮನೆಯಲ್ಲೇ ಸಕ್ಕರೆ ಅಳೆಯಬಹುದು. ಕಿವಿಯ ಅಂಚಿನಲ್ಲಿ ಸಣ್ಣ ಚುಚ್ಚು ಕೊಟ್ಟು ಒಂದು ಹನಿ ರಕ್ತ ತೆಗೆದರೆ ಸಾಕು. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ ಎಂಬುದನ್ನು ನೆನಪಿಟ್ಟು, ಯಾವ ಯಂತ್ರವೆಂದು ವೈದ್ಯರಿಗೆ ಹೇಳಬೇಕು. ಇನ್ಸುಲಿನ್ ಬಾಟಲಿಯನ್ನು ಫ್ರಿಜ್‌ನಲ್ಲಿಡಬೇಕು, ಮಂಜುಗಟ್ಟುವ ಖಾನೆಯಲ್ಲಿ ಅಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ಸಮಯ, ಪ್ರಮಾಣ, ಊಟ, ಕುಡಿದ ನೀರು ಮತ್ತು ವಾರಕ್ಕೊಮ್ಮೆ ತೂಕವನ್ನು ಬರೆದಿಡುವುದು ದುಬಾರಿ ಪರೀಕ್ಷೆಗಳಷ್ಟೇ ಉಪಯುಕ್ತ. ಕೊಟ್ಟೆಯೋ ಇಲ್ಲವೋ ಎಂಬ ಸಂದೇಹಕ್ಕೂ ಅದೇ ಪರಿಹಾರ.

ರಮಝಾನಿನಲ್ಲಿ ನಮ್ಮ ಮನೆಗಳ ಗಡಿಯಾರವೇ ಬದಲಾಗುತ್ತದೆ. ಸಹ್ರಿಗೆ ಎದ್ದಾಗ ಒಮ್ಮೆ, ಇಫ್ತಾರಿನ ನಂತರ ಒಮ್ಮೆ ಚುಚ್ಚಿದರಾಯಿತು ಎಂದುಕೊಳ್ಳುವುದು ಸಹಜ. ಆದರೆ ನಮ್ಮ ನಾಡಿನಲ್ಲಿ ಸಹ್ರಿಯಿಂದ ಇಫ್ತಾರಿನವರೆಗೆ ಸುಮಾರು ಹದಿಮೂರು ಹದಿನಾಲ್ಕು ಗಂಟೆ, ಅಲ್ಲಿಂದ ಮುಂದಿನ ಸಹ್ರಿಗೆ ಹತ್ತು ಹನ್ನೊಂದು ಗಂಟೆ. ತಿಂಗಳಿಡೀ ಈ ಏರುಪೇರು ಸರಿಯಲ್ಲ. ಬೆಕ್ಕಿನ ಹೊತ್ತು ವರ್ಷವಿಡೀ ಒಂದೇ ಇರಲಿ. ಬೆಳಗ್ಗೆ 7, ರಾತ್ರಿ 7 ಎಂದು ನಿಗದಿಯಾದರೆ ರಮಝಾನಿನಲ್ಲೂ ಅದು ಸುಲಭ. ಉಪವಾಸ ನಮ್ಮದು, ಅದರ ಶ್ರಮವನ್ನು ಬೆಕ್ಕಿನ ಮೇಲೆ ಹೊರಿಸುವುದು ಬೇಡ.

ಇನ್ಸುಲಿನ್ ಹಂದಿಯದ್ದೇ?

ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದು ಸಹಜ, ಅದನ್ನು ನಗೆಯಾಡಿ ತಳ್ಳಬೇಕಿಲ್ಲ. ಇನ್ಸುಲಿನ್ ಚಿಕಿತ್ಸೆಯ ಆರಂಭದಿಂದ ದಶಕಗಳ ಕಾಲ ಮನುಷ್ಯರಿಗೆ ದೊರೆತದ್ದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್. ಜೈವಿಕ ತಂತ್ರಜ್ಞಾನದಿಂದ ತಯಾರಾದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು 1982ರಲ್ಲಿ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟ್‌ನ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ 2004ರಲ್ಲಿ ಮಾರುಕಟ್ಟೆಗೆ ಬಂತು. ಪ್ರಾಣಿಗಳಿಗೆಂದೇ ಇರುವ ಕ್ಯಾನಿನ್ಸುಲಿನ್ ಈಗಲೂ ಹಂದಿ ಮೂಲದ್ದು. ಆದರೆ ಬೆಕ್ಕುಗಳಿಗೆ ಹೆಚ್ಚಾಗಿ ಸೂಚಿಸಲಾಗುವ ಗ್ಲಾರ್ಜಿನ್ ಸೂಕ್ಷ್ಮಜೀವಿಗಳ ಮೂಲಕ ತಯಾರಾಗುವಂಥದ್ದು, ಹಂದಿಗೂ ಅದಕ್ಕೂ ಸಂಬಂಧವಿಲ್ಲ. ಬೆಕ್ಕಿನ ದೇಹದಲ್ಲಿ ದೀರ್ಘಕಾಲ ಕೆಲಸ ಮಾಡುವ ಗುಣದಿಂದಾಗಿ ವೈದ್ಯಕೀಯ ದೃಷ್ಟಿಯಿಂದಲೂ ಅದಕ್ಕೆ ಪ್ರಾಶಸ್ತ್ಯವಿದೆ. ಹೀಗಾಗಿ ಈ ಗೊಂದಲ ಬಹುತೇಕ ಸಂದರ್ಭಗಳಲ್ಲಿ ವೈದ್ಯರ ಮುಂದೆ ಒಂದು ಪ್ರಶ್ನೆ ಕೇಳುವುದರಿಂದಲೇ ಬಗೆಹರಿಯುತ್ತದೆ. ಬೇರೆ ದಾರಿಯೇ ಇಲ್ಲದ ಸಂದರ್ಭ ಬಂದರೆ ವಿದ್ವಾಂಸರ ಬಳಿ ಕೇಳಿ ತಿಳಿದುಕೊಳ್ಳಬಹುದು. ಕೇಳದೆ, ತಿಳಿಯದೆ, ಸಂದೇಹದ ನೆಪದಲ್ಲಿ ಚಿಕಿತ್ಸೆಯನ್ನೇ ಕೈಬಿಡುವುದು ಧರ್ಮನಿಷ್ಠೆಯಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬೇಕು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್‌ನ ಶೋಧ ನಡೆಸಿದ್ದು ನಾಯಿಗಳ ಮೇಲೆ ಮಾಡಿದ ಪ್ರಯೋಗಗಳಿಂದ. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದು ಸಿಗುವ ಮುನ್ನ ಆ ಪ್ರಾಣಿಗಳು ತಮ್ಮ ಜೀವ ಕೊಟ್ಟಿದ್ದವು. ಇಂದು ನಮ್ಮ ತಂದೆತಾಯಂದಿರನ್ನು ಬದುಕಿಸಿರುವ ಮದ್ದಿನಲ್ಲಿ ಮೂಕಪ್ರಾಣಿಗಳ ಋಣವಿದೆ. ಅದೇ ಮದ್ದಿನ ಒಂದು ಯೂನಿಟ್ ಮುದಿ ಬೆಕ್ಕಿಗೆ ಸಿಗುವುದು ದುಂದುವೆಚ್ಚವಾಗುವುದು ಹೇಗೆ?

ಪ್ರಯೋಜನ ಮುಗಿದ ಮೇಲೂ ಹಕ್ಕು ಮುಗಿಯದು

ಮನುಷ್ಯರಿಗೇ ಇನ್ಸುಲಿನ್ ಕೊಳ್ಳಲು ಹಣವಿಲ್ಲದ ನಾಡಿನಲ್ಲಿ ಬೆಕ್ಕಿಗೆ ಇದೆಲ್ಲ ಅತಿಯಾಯಿತು ಎಂಬ ಆಕ್ಷೇಪವಿದೆ. ಅದು ಹಗುರವಾದ ಆಕ್ಷೇಪವಲ್ಲ. ನೆರೆಯವನು ಹಸಿದಿರುವಾಗ ಬೆಕ್ಕಿಗೆ ಬಂಗಾರದ ಸರಪಳಿ ತೊಡಿಸುವವನನ್ನು ಯಾರೂ ಸಮರ್ಥಿಸಲಾರರು. ಆದರೆ ಇಲ್ಲಿನ ಲೆಕ್ಕವೇ ಬೇರೆ. 3 ಮಿಲಿಲೀಟರಿನ ಒಂದು ಗ್ಲಾರ್ಜಿನ್ ಕಾರ್ಟ್ರಿಜ್‌ನಲ್ಲಿ 300 ಯೂನಿಟ್ ಇರುತ್ತದೆ, ಬೆಕ್ಕಿಗೆ ಬೇಕಾಗುವುದು ದಿನಕ್ಕೆ ಕೆಲವೇ ಯೂನಿಟ್. ಇಲ್ಲಿ ಹೆಚ್ಚು ಖರ್ಚಾಗುವುದು ಹಣಕ್ಕಿಂತ ನಮ್ಮ ಸಮಯ ಮತ್ತು ಗಮನ. ಸಹಾಯಕ್ಕೆ ಜಿಲ್ಲಾ ಪಶು ಆಸ್ಪತ್ರೆಗಳಿವೆ, ಬೆಂಗಳೂರಿನ ಹೆಬ್ಬಾಳದಂಥ ಕಡೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ನಿಜಕ್ಕೂ ಅನುಕೂಲವಿಲ್ಲದವರು ತಮ್ಮ ಸಾಮರ್ಥ್ಯದಷ್ಟನ್ನು ಮಾಡಲಿ. ಅನ್ನ, ಬಿಸ್ಕತ್ತು ನಿಲ್ಲಿಸುವುದಕ್ಕೆ ಹಣ ಬೇಕಿಲ್ಲ. ಶುದ್ಧ ನೀರು ಇಡುವುದಕ್ಕೂ, ವೈದ್ಯರ ಬಳಿ ತಮ್ಮ ಪರಿಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳುವುದಕ್ಕೂ ಬೇಕಿಲ್ಲ. ಶಕ್ತಿಗೆ ಮೀರಿದ ಹೊರೆಯನ್ನು ಅಲ್ಲಾಹನು ಯಾರ ಮೇಲೂ ಹೊರಿಸಿಲ್ಲ.

ಆಕ್ಷೇಪಕ್ಕೆ ಅರ್ಹರು ಬೇರೆಯೇ ಇದ್ದಾರೆ. ಸಾವಿರಾರು ರೂಪಾಯಿ ತೆತ್ತು ಉದ್ದಗೂದಲಿನ ಪರ್ಷಿಯನ್ ಮರಿಯನ್ನು ತಂದು, ನೆಂಟರಿಷ್ಟರಿಗೆಲ್ಲ ಚಿತ್ರ ಕಳಿಸಿ, ಹತ್ತು ವರ್ಷದ ನಂತರ ಅದು ಮನೆಯೆಲ್ಲ ಮೂತ್ರ ಮಾಡತೊಡಗಿದಾಗ ಚೀಲದಲ್ಲಿ ತುಂಬಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವವರು ಅವರು. ಅಲ್ಲಿ ಹೇಗಾದರೂ ಬದುಕಿಕೊಳ್ಳುತ್ತದೆ ಎಂಬುದು ಅವರ ಸಮಾಧಾನ. ಇನ್ಸುಲಿನ್ ಬೇಕಾದ ಮುದಿ ಬೆಕ್ಕು ಹಾಗೆ ಬದುಕಿಕೊಳ್ಳುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದನ್ನೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಅದನ್ನು ತೊರೆಯುವುದನ್ನೂ ಅಪರಾಧವೆಂದು ಪರಿಗಣಿಸಿದೆ. ಕಾನೂನಿಗೆ ಸಾಕ್ಷಿ ಬೇಕು. ಅಲ್ಲಾಹನಿಗೆ ಅದೂ ಬೇಕಿಲ್ಲ.

ಹದಿಮೂರನೇ ಶತಮಾನದಲ್ಲಿ ಡಮಾಸ್ಕಸ್ ಮತ್ತು ಕೈರೋಗಳಲ್ಲಿ ಬಾಳಿ, 1262ರಲ್ಲಿ ನಿಧನರಾದ ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್ ಅವರು ತಮ್ಮ ಕವಾಇದುಲ್ ಅಹ್ಕಾಮ್ ಗ್ರಂಥದಲ್ಲಿ ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಪ್ರಾಣಿಯ ಆಹಾರಕ್ಕೆ ಖರ್ಚು ಮಾಡುವುದು ಅದರ ಹಕ್ಕು ಎಂದಷ್ಟೇ ಹೇಳಿ ಅವರು ನಿಲ್ಲಿಸುವುದಿಲ್ಲ. ಅದು ಮುದಿಯಾಗಿ, ಅಥವಾ ರೋಗಪೀಡಿತವಾಗಿ, ಅದರಿಂದ ಯಾವ ಪ್ರಯೋಜನವೂ ಇಲ್ಲದಂತಾದ ಮೇಲೂ ಆ ಹಕ್ಕು ಉಳಿಯುತ್ತದೆಂದು ಸ್ಪಷ್ಟಪಡಿಸುತ್ತಾರೆ. ಮುದಿತನ ಮತ್ತು ರೋಗ, ಈ ಎರಡು ಪದಗಳನ್ನು ಗಮನಿಸಬೇಕು. ಇಲಿ ಹಿಡಿಯುವ ಕಾಲ ಮುಗಿದು, ಮಕ್ಕಳೊಡನೆ ಆಡುವ ಕಾಲ ಮುಗಿದು, ಅಂದ ಕಳೆದುಕೊಂಡು, ಎರಡು ಹೊತ್ತಿನ ಚುಚ್ಚುಮದ್ದಿಗೆ ನಮ್ಮನ್ನು ಕಟ್ಟಿಹಾಕಿರುವ ಬೆಕ್ಕಿನ ಬಗ್ಗೆಯೇ ಎಂಟುನೂರು ವರ್ಷಗಳ ಸನಿಹದ ಆ ಮಾತು ಅನ್ವಯಿಸುತ್ತದೆ. ಪ್ರಯೋಜನವಿರುವ ಪ್ರಾಣಿಯನ್ನು ನೋಡಿಕೊಳ್ಳುವುದು ವ್ಯವಹಾರ. ಪ್ರಯೋಜನ ಮುಗಿದದ್ದನ್ನು ನೋಡಿಕೊಳ್ಳುವಾಗಲೇ ಅದು ಅಮಾನತ್ ಆಗುತ್ತದೆ.

ಆದುದರಿಂದ ಮನೆಗೆ ಮರಿಯೊಂದನ್ನು ತರುವ ಮುನ್ನ ಯುವಜನರು ಹನ್ನೆರಡು ಹದಿನೈದು ವರ್ಷಗಳ ಹೊಣೆಯನ್ನು ಹೊರಬಲ್ಲೆವೇ ಎಂದು ತಮ್ಮನ್ನು ಕೇಳಿಕೊಳ್ಳಲಿ. ಈಗಾಗಲೇ ಹಿರಿಯ ಬೆಕ್ಕು ಇರುವ ಮನೆಯವರು ಈ ವಾರವೇ ಅದನ್ನು ತೂಗಿ ನೋಡಲಿ, ದಿನಕ್ಕೆ ಎಷ್ಟು ನೀರು ಕುಡಿಯುತ್ತದೆಂದು ಗಮನಿಸಲಿ. ಚಿಕಿತ್ಸೆ ಆರಂಭಿಸಿರುವವರು ಮನೆಯ ಇನ್ನೊಬ್ಬರಿಗಾದರೂ ಸಿರಿಂಜ್ ಹಿಡಿಯುವುದನ್ನೂ, ಸಕ್ಕರೆ ಇಳಿದಾಗಿನ ಲಕ್ಷಣಗಳನ್ನು ಗುರುತಿಸುವುದನ್ನೂ ಕಲಿಸಿಡಲಿ. ನಾವು ಮದುವೆಗೋ ಮಯ್ಯತ್ತಿಗೋ ಊರಿಗೆ ಹೋದ ದಿನವೂ ಬೆಕ್ಕಿನ ಏಳು ಗಂಟೆ ತಪ್ಪದೆ ಬರುತ್ತದೆ.